ಬಾತಿನ ಹಣೆಯ ಕುಂಕುಮ

ಆ ಶುಕ್ರವಾರ ಬೆಳಿಗ್ಗೆ ಅರಕಲಗೂಡಿನ ನಮ್ಮ ಸೋದರಮಾವನ ಮನೆಯ ಹಜಾರದಲ್ಲಿ ಇದ್ದವರನ್ನು ಮೊದಲು ಹೇಳಿಬಿಡುತ್ತೇನೆ. ಪಂಚೆ ಎತ್ತಿ ಕಟ್ಟಿ ನೆಲದ ಮೇಲೆ ಮಂಡಿಯೂರಿದ್ದ ಕಾಳೇಗೌಡ ಮಾವ. ಅವರೆದುರು, ಸೋಪುನೀರು ತುಂಬಿದ ಬಾಟಲಿ ಹಿಡಿದು, ಮದುವೆಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವವನಂತೆ ನಿಂತಿದ್ದ ನಾನು. ಅಡುಗೆಮನೆಗೂ ಹಜಾರಕ್ಕೂ ಓಡಾಡುತ್ತ ನಮ್ಮಿಬ್ಬರಿಗೂ ಸಮನಾಗಿ ಬೈಯುತ್ತಿದ್ದ ಜಯಮ್ಮ ಅತ್ತೆ. ಕಿಟಕಿಯ ಬದಿಯ ಮಂಚದ ಮೇಲೆ, ಬಟ್ಟೆಯ ಗಂಟೊಂದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿಗೆ ಕಾಯುವವರಂತೆ ಕೂತಿದ್ದ ದೊಡ್ಡಮ್ಮ, ಅಂದರೆ ನನ್ನ ತಾಯಿಗೂ ಈ ಮಾವನಿಗೂ ಹಿರಿಯಕ್ಕ. ಎಲ್ಲರ ನಡುವೆ ಮದುಮಗನ ಹಾಗೆ, ಮರದ ಚೌಕಟ್ಟಿಗೆ ನೇತುಬಿದ್ದಿದ್ದುದು ದೋಣಿಯ ಮೋಟಾರು.

ಮೊನ್ನೆ ಹಾಸನದಲ್ಲಿ ನನ್ನ ಮೊಬೈಲಿಗೆ ಅಂಗಡಿಯವನು ಹೊಸ ಗಾಜಿನ ಹಾಳೆ ಅಂಟಿಸಿದ. ಮನೆಗೆ ಬಂದು ನೋಡಿದರೆ ಮೂಲೆಯಲ್ಲೊಂದು ಗುಳ್ಳೆ. ಹೆಬ್ಬೆರಳಲ್ಲಿ ಒತ್ತಿದರೆ ಆಚೆ ಮೂಲೆಗೆ ಹೋಗುತ್ತದೆ, ಅಲ್ಲಿ ಒತ್ತಿದರೆ ಈಚೆಗೆ ಬರುತ್ತದೆ. ಹೆಂಡತಿ "ಅದೊಂದು ಗುಳ್ಳೆ ಬಿಟ್ಟು ಬೇರೆ ಕೆಲಸ ಇಲ್ವಾ ನಿಮಗೆ?" ಎಂದಳು. ಇಲ್ಲ ಎಂದು ಹೇಳಲಿಲ್ಲ. ಆದರೆ ಆ ಗುಳ್ಳೆಯ ಹಿಂದೆ ಓಡುತ್ತ ಓಡುತ್ತ ನಾನು ಅರಕಲಗೂಡಿನ ಹಜಾರ ತಲುಪಿಬಿಟ್ಟಿದ್ದೆ. ನೀವೂ ಬನ್ನಿ, ಹೇಗೂ ಅತ್ತೆ ಕಾಫಿ ಕೊಡುತ್ತಾರೆ.

ಮೋಟಾರಿನ ವಿಷಯಕ್ಕೆ ಬರೋಣ. ದೋಣಿಯ ಹಿಂಬದಿಗೆ ಕಚ್ಚಿಸುವ ಮೋಟಾರು ಇದು. ಮೇಲೆ ಇಂಜಿನ್ನು, ಇಂಜಿನ್ನಿಗೆ ಟೋಪಿಯಂಥ ಮುಚ್ಚಳ, ಕೆಳಗೆ ನೀರಿಗಿಳಿಯುವ ಉದ್ದನೆಯ ಕಾಲು, ಕಾಲಿನ ತುದಿಯಲ್ಲಿ ನೀರು ತಳ್ಳುವ ಫ್ಯಾನು. ಹೇಮಾವತಿಗೆ ಅಣೆಕಟ್ಟು ಕಟ್ಟಿ, ನಮ್ಮ ಹಳ್ಳಿ ಕೊಪ್ಪಲು ಹಿನ್ನೀರಿನೊಳಗೆ ಇಳಿದು ಹೋದಾಗ ಊರಿನವರು ಚದುರಿದರು. ಒಂದಷ್ಟು ಮನೆಗಳು ಅರಕಲಗೂಡಿನ ಕಡೆ, ಒಂದಷ್ಟು ಹಾಸನದ ಕಡೆ. ಅಣ್ಣ ಈ ದಡ, ತಮ್ಮ ಆ ದಡ. ಮಧ್ಯೆ ಸಮುದ್ರದಂಥ ನೀರು. ಆಗ ನಮ್ಮ ಮಾವ, ಇನ್ನೂ ಮೀಸೆ ಪೂರಾ ಬಲಿಯದ ಕಾಲದಲ್ಲಿ, ಕರಾವಳಿಯ ಕಡೆಯಿಂದ ಯಾರೋ ಬಳಸಿ ಬಿಟ್ಟಿದ್ದ ಈ ಮೋಟಾರನ್ನು ತಂದು, ದೋಣಿಗೆ ಕಟ್ಟಿ, ಜನರನ್ನು ದಾಟಿಸತೊಡಗಿದರು.

ಮೋಟಾರಿನ ಟೋಪಿಯ ಎರಡೂ ಪಕ್ಕದಲ್ಲಿ ಮೊಳದುದ್ದದ ಚಿತ್ರವಿತ್ತು. ನೀಲಿ ಅಲೆಗಳು, ಅಲೆಗಳ ಮೇಲೆ ರೆಕ್ಕೆ ಬಿಚ್ಚಿದ ಬಿಳಿಯ ಹಕ್ಕಿ. ಅದು ಯಾವುದೋ ಪರದೇಶದ ಕಡಲಹಕ್ಕಿ ಎಂದು ನಾನು ದೊಡ್ಡವನಾದ ಮೇಲೆ ತಿಳಿಯಿತು. ನಮ್ಮ ಕಡೆಯವರು ಕಡಲನ್ನು ಎಲ್ಲಿ ಕಂಡಿದ್ದರು? ಬಿಳಿ, ನೀರಿನ ಮೇಲೆ ಇದೆ, ಕೊಕ್ಕು ಇದೆ, ಬಾತು ಎಂದರು. ಕಂಪನಿಯ ಹೆಸರನ್ನು ಓದುವ ಗೋಜಿಗೆ ಯಾರೂ ಹೋಗಲಿಲ್ಲ. "ಬಾತಿನ ದೋಣಿ ಬಂತಾ?" "ಬಾತು ಇನ್ನೂ ಆ ದಡದಾಗೆ ಅದೆ." ಇಡೀ ಹಿನ್ನೀರಿನ ಸೀಮೆಯಲ್ಲಿ ಅದಕ್ಕೆ ಇದೇ ಹೆಸರು.

ನನ್ನ ಬೇಸಿಗೆ ರಜೆಯೆಲ್ಲ ಆ ದೋಣಿಯಲ್ಲೇ ಕಳೆಯಿತು. ದೊಡ್ಡಮ್ಮ ಹತ್ತುವ ಮುಂಚೆ ಬಾತಿನ ತಲೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಹತ್ತಿ ಕೂತ ಮೇಲೆ ಅವರ ಗಮನವೆಲ್ಲ ನನ್ನ ಮೇಲೆ. ನನಗೋ ನೀರಿಗೆ ಕೈ ಇಳಿಬಿಡುವ ಚಟ. ಬೆರಳ ಸಂದಿಯಲ್ಲಿ ನೀರು ಸೀಳಿಕೊಂಡು ಹೋಗುವಾಗ ಮೊಣಕೈವರೆಗೆ ಕಚಗುಳಿಯಾಗುತ್ತದಲ್ಲ, ಆ ಸುಖಕ್ಕೆ. ತಕ್ಷಣ ಹಿಂದಿನಿಂದ ತಲೆಗೊಂದು ಮೊಟಕು. "ಲೋ ಮಂಜ, ಕೈ ಒಳಕ್ಕಿಟ್ಕಳೋ! ಮೊಸಳೆ ಕಿತ್ಕಂಡು ಓದ್ರೆ ಎಡಗೈಲಿ ಉಣ್ತೀಯಾ?" ಆ ನೀರಿನಲ್ಲಿ ಮೊಸಳೆ ಇತ್ತೋ ಇಲ್ಲವೋ, ದೊಡ್ಡಮ್ಮನ ಗೆಣ್ಣುಗಳು ಇದ್ದುದು ಖಂಡಿತ.

ಆಮೇಲೆ ರಸ್ತೆಗಳಾದವು, ಸೇತುವೆಯಾಯಿತು, ಬಸ್ಸು ಬಂತು. ಬಾತು ಮಾವನ ಮನೆಯ ಹಿಂದಿನ ಹೊಗೆಸೊಪ್ಪಿನ ಕೊಟ್ಟಿಗೆಯ ಮೂಲೆ ಸೇರಿತು. ಇಷ್ಟಕ್ಕೇ ಕತೆ ಮುಗಿಯಬೇಕಿತ್ತು.

ಮುಗಿಯದೆ ಹೋದದ್ದು ದೊಡ್ಡಮ್ಮನಿಂದ. ಕೆಲವು ವರ್ಷಗಳಿಂದ ಅವರ ನೆನಪು ಒಂದೊಂದಾಗಿ ಕೈಬಿಡುತ್ತ ಬಂದಿದೆ. ಮೊದಲು ಮೊಮ್ಮಕ್ಕಳ ಹೆಸರು ಹೋಯಿತು, ಆಮೇಲೆ ಮಕ್ಕಳ ಮುಖ ಹೋಯಿತು. ನಾನು ಹೋದರೆ ಅವರಿಗೆ ನಾನು ಮೇಷ್ಟ್ರು. ಯಾಕೆಂದು ಗೊತ್ತಿಲ್ಲ. ನಾನು ಜೀವಮಾನವೆಲ್ಲ ಹಾಸನದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದವನು. ಬಹುಶಃ ಕನ್ನಡಕ ಮತ್ತು ಬೊಕ್ಕತಲೆ ನೋಡಿ ಬಡ್ತಿ ಕೊಟ್ಟಿರಬೇಕು. "ಬನ್ನಿ ಮೇಷ್ಟ್ರೇ, ಕುಂತ್ಕಳಿ. ನಮ್ ಮಂಜ ನೆಟ್ಟಗೆ ಓದ್ತಾವ್ನಾ?" ಎಂದು ಕೇಳುತ್ತಾರೆ. ಮೊದಮೊದಲು "ನಾನೇ ಕಣಮ್ಮ ಮಂಜ" ಎನ್ನುತ್ತಿದ್ದೆ. ಅವರಿಗೆ ಗಾಬರಿಯಾಗುತ್ತಿತ್ತು. ಈಗ "ಸುಮಾರು ಕಣಮ್ಮ, ಲೆಕ್ಕದಲ್ಲಿ ಸ್ವಲ್ಪ ಹಿಂದೆ" ಎನ್ನುತ್ತೇನೆ. ಸುಳ್ಳೇನಲ್ಲ. "ಒಸಿ ಬಿಗಿ ಮಾಡಿ. ಬಾರೀ ಪುಂಡ ಅವ್ನು" ಎಂದು ನಗುತ್ತಾರೆ. ಹೀಗೆ ನನ್ನ ಎದುರೇ ನನ್ನ ಚಾಡಿ ಕೇಳಿಸಿಕೊಂಡು ಬರುವುದು ರೂಢಿಯಾಗಿದೆ.

ಅವರಿಗೆ ಉಳಿದಿರುವುದು ಕೊಪ್ಪಲೊಂದೇ. ದಿನವೂ ಸಂಜೆ ಸೀರೆ, ಎಲೆಅಡಿಕೆ, ಒಂದು ಬಾಚಣಿಗೆ ಗಂಟು ಕಟ್ಟಿ, "ಕಾಳಾ, ಕೊಪ್ಲಿಗೆ ಓಗಾನ ನಡೀಲಾ, ಒತ್ತಾಯ್ತು" ಎಂದು ಬಾಗಿಲಲ್ಲಿ ನಿಲ್ಲುತ್ತಾರೆ. ಬೇಸಿಗೆಯ ಕೊನೆಗೆ ಹಿನ್ನೀರು ಇಳಿದಾಗ ಹಳೆಯ ಕೊಪ್ಪಲಿನ ಜಗಲಿಕಲ್ಲುಗಳು, ಒರಳು, ಬಸವನ ಗುಡಿಯ ತಳಪಾಯ ನೀರಿನ ನಡುವೆ ನಡುಗಡ್ಡೆಯಂತೆ ಮೇಲೆ ಬರುತ್ತವೆ. ಒಂದು ಸಲ ತೋರಿಸಿಕೊಂಡು ಬಂದರೆ ಸಮಾಧಾನವಾದೀತೆಂದು ಮಾವ ಹಿಂದಿನ ಬೇಸಿಗೆಯಲ್ಲಿ ಮೀನು ಹಿಡಿಯುವ ಗುರುತಿನವನೊಬ್ಬನ ದೋಣಿ ಗೊತ್ತುಮಾಡಿ ದಡಕ್ಕೆ ಕರೆದೊಯ್ದಿದ್ದರು. ದೊಡ್ಡಮ್ಮ ದೋಣಿಯ ಸುತ್ತ ನೋಡಿ "ಬಾತು ಎಲ್ಲಿ?" ಎಂದರಂತೆ. ಎಷ್ಟು ಹೇಳಿದರೂ ಹತ್ತಲಿಲ್ಲ. "ಯಾವನ್ದೋ ದೋಣಿ. ಎಲ್ಗೋ ಕರ್ಕೊಂಡೋಯ್ತಾರೆ ನನ್ನ" ಎಂದು ದಡದ ಮೇಲೆ ಕೂತು ಅತ್ತುಬಿಟ್ಟರಂತೆ. ಮಾವ ಇದನ್ನು ನನಗೆ ಫೋನಿನಲ್ಲಿ ಹೇಳಿದರು.

ಮಾರನೆಯ ದಿನವೇ ಕೊಟ್ಟಿಗೆಯ ಮೂಲೆಯಿಂದ ಮೋಟಾರು ಹೊರಗೆ ಬಂತು.

ಮಳೆಗಾಲ, ಚಳಿಗಾಲ ಪೂರ್ತಿ ಮಾವ ಅದನ್ನು ಬಿಚ್ಚಿ ಜೋಡಿಸಿದರು. ಹಿತ್ತಲಲ್ಲಿ ನೀರಿನ ಡ್ರಮ್ಮಿಗೆ ಅದರ ಕಾಲು ಇಳಿಸಿ ಹಗ್ಗ ಎಳೆದ ದಿನ ನಾನೂ ಇದ್ದೆ. ಎಳೆದರು, ಎಳೆದರು, ಬನಿಯನ್ನು ಒದ್ದೆಯಾಗುವವರೆಗೆ ಎಳೆದರು. ಆಮೇಲೆ ಅದು ಕೆಮ್ಮಿ, ಕ್ಯಾಕರಿಸಿ, ಒಂದು ಕರಿಮೋಡ ಬಿಟ್ಟು ಹೊತ್ತಿಕೊಂಡಿತು. ಪಕ್ಕದ ಮನೆಯಾಕೆ "ಜಯಮ್ಮೋ, ಸೊಳ್ಳೆ ಹೊಗೆ ಗಾಡಿ ನಿಮ್ಮನೇಗೂ ಬಂತಾ?" ಎಂದು ಗೋಡೆಯಾಚೆಯಿಂದ ಕೂಗಿದರು. ಮಾವ ಮುಖದ ಮಸಿಯನ್ನೂ ಒರೆಸದೆ ನಗುತ್ತಿದ್ದರು. ಟೋಪಿಗೆ ಹಾಲುಬಿಳಿಯ ಬಣ್ಣ ಹೊಡೆಸಿದ್ದೂ ಆಯಿತು.

ಉಳಿದದ್ದು ಬಾತು. ಇಂಜಿನ್ನು ಓಡಿದರೆ ಮಾವನಿಗೆ ಸಂತೋಷ, ಆದರೆ ದೊಡ್ಡಮ್ಮ ಹತ್ತುವುದು ಬಾತು ಇದ್ದರೆ ಮಾತ್ರ. ಹಳೆಯ ಚಿತ್ರ ಬಿಸಿಲಿಗೆ ಸುಟ್ಟು, ಅಲೆಯ ಒಂದು ಸುರುಳಿ ಮತ್ತು ಹಕ್ಕಿಯ ಬಾಲ ಮಾತ್ರ ಉಳಿದಿತ್ತು. ಬಣ್ಣ ಹೊಡೆಯುವ ಮುಂಚೆ ಅತ್ತೆ, ರವಿಕೆಯ ಕಸೂತಿಗೆ ಬಳಸುವ ತೆಳುಕಾಗದ ಇಟ್ಟು ಅಷ್ಟನ್ನು ತಿದ್ದಿಕೊಂಡಿದ್ದರು. ಮಿಕ್ಕಿದ್ದಕ್ಕೆ ಆಧಾರ ನಮ್ಮ ಮನೆಯ ಆಲ್ಬಮ್ಮಿನ ಒಂದು ಫೋಟೋ. ದೋಣಿಯಲ್ಲಿ ಚಡ್ಡಿ ಹಾಕಿಕೊಂಡು ನಾನು ಕೂತಿದ್ದೇನೆ, ಹಿಂದೆ ಮೋಟಾರು. ರೆಕ್ಕೆ ಸ್ಪಷ್ಟವಾಗಿ ಕಾಣುತ್ತದೆ, ಅಲೆ ಕಾಣುತ್ತದೆ. ಬಾತಿನ ತಲೆ ಇರಬೇಕಾದ ಕಡೆ ಮಾತ್ರ ನನ್ನ ತಲೆ ಇದೆ.

"ಆವಾಗ್ಲೇ ಏನ್ ಬುರುಡೆಲಾ ನಿಂದು, ಒಂದು ಬಾತನ್ನೇ ನುಂಗಾಕ್ಬುಟ್ಟದೆ!" ಎಂದು ಮಾವ ತಲೆ ಚಚ್ಚಿಕೊಂಡರು.

ಆ ಫೋಟೋ, ತೆಳುಕಾಗದ ಎರಡನ್ನೂ ಹಿಡಿದು ನಾನು ಚನ್ನರಾಯಪಟ್ಟಣದ ಪದ್ಮರಾಜಯ್ಯನವರ ಸ್ಟಿಕ್ಕರ್ ಅಂಗಡಿಗೆ ಹೋದೆ. ಅವರ ಮನೆತನ ಬೆಳಗೊಳದ ಕಡೆಯ ಜೈನರದು. ಹೆದ್ದಾರಿಯ ಪಕ್ಕದಲ್ಲಿ ಅಂಗಡಿ. ತೆಂಗಿನಕಾಯಿ ಲಾರಿಗಳ ಹಣೆಯ ಮೇಲಿನ ದೇವರು, ದೇವತೆ, ಹುಲಿ, ಹದ್ದು ಎಲ್ಲ ಅವರ ಕೈಯಿಂದಲೇ ಇಳಿಯಬೇಕು. ಬಹಳ ಮಾತಿನ ಮನುಷ್ಯ.

"ಲಾರಿ ಮಾಡಿವ್ನಿ, ಬಸ್ ಮಾಡಿವ್ನಿ, ಬೋರ್‌ವೆಲ್ ಗಾಡಿ ಮಾಡಿವ್ನಿ. ನೀರ್ನಾಗೆ ಓಗೋದು ಇದೇ ಮೊದ್ಲು ಸಾ" ಎಂದು ಕಣ್ಣರಳಿಸಿದರು. ಆಮೇಲೆ ಫೋಟೋ ನೋಡಿ, ನನ್ನನ್ನು ನೋಡಿ, "ಇದ್ರ ಮಕ ಎಂಗಿತ್ತು?" ಎಂದರು.

ಅದೇ ಪ್ರಶ್ನೆ. ಅಲ್ಲಿಂದಲೇ ಮಾವನಿಗೆ ಫೋನು ಮಾಡಿದೆ. ಕೊಕ್ಕು ಕೆಂಪಗಿತ್ತು ಎಂದರು. ಹಿಂದಿನಿಂದ ಅತ್ತೆ, ಹಳದಿ ಎಂದು ಕೂಗಿದರು. ಇಬ್ಬರಿಗೂ ಅಲ್ಲೇ ಹತ್ತಿಕೊಂಡಿತು. ಕೊನೆಗೆ ಅತ್ತೆ ಫೋನನ್ನು ದೊಡ್ಡಮ್ಮನ ಕಿವಿಗೆ ಹಿಡಿದರು. "ಬಾತು ಎಂಗಿತ್ತು ಅತ್ಗೆಮ್ಮ?" "ನನ್ನೇ ನೋಡ್ತಿತ್ತು" ಎಂದರು ದೊಡ್ಡಮ್ಮ.

ಪದ್ಮರಾಜಯ್ಯನವರಿಗೆ ಅಷ್ಟು ಸಾಕಾಯಿತು. ಬಾತಿಗೆ ದೊಡ್ಡ ಕಣ್ಣು ಇಟ್ಟರು. ಕೊಕ್ಕು ಕೆಂಪಿಗೂ ಹಳದಿಗೂ ನಡುವೆ ಮಾವಿನಹಣ್ಣಿನ ಬಣ್ಣಕ್ಕೆ ನಿಂತಿತು. ಟೋಪಿ ಹೇಗೂ ಬಿಳಿ, ಅದಕ್ಕೇ ಪಾರದರ್ಶಕ ಹಾಳೆಯ ಮೇಲೆ ನೀಲಿ ಗೆರೆ, ಕಣ್ಣು, ಕೊಕ್ಕು ಇಷ್ಟನ್ನೇ ಅಚ್ಚು ಹಾಕಿದರು. ಹಕ್ಕಿಯ ಮೈ ತಾನೇ ಬಿಳಿಯಾಗಿ ಕಾಣಬೇಕು. ಎಡಕ್ಕೊಂದು, ಬಲಕ್ಕೊಂದು. "ಆ ಹಾಳೆ ಮುಗೀತು ಸಾ, ಬೆಂಗ್ಳೂರಿಂದ ಬರ್ಬೇಕು. ಜ್ವಾಪಾನ" ಎಂದು ಉದ್ದನೆಯ ಸುರುಳಿ ಕೈಗಿತ್ತರು. ನಾನು ಅದನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂತ ರೀತಿಗೆ ಪಕ್ಕದವನು ಜಾತಕವೆಂದುಕೊಂಡು "ಹುಡುಗ ಎಲ್ಲಿಯವನು?" ಎಂದು ವಿಚಾರಿಸಿದ.

ಅವಸರವಿತ್ತು. ಘಟ್ಟದ ಕಡೆ ಆಕಾಶ ಆಗಲೇ ಕಪ್ಪಾಗುತ್ತಿತ್ತು. ಮೇಲೆ ನಾಲ್ಕು ಮಳೆ ಹೊಡೆದರೆ ಹಿನ್ನೀರು ಏರುತ್ತದೆ, ಕೊಪ್ಪಲು ಮತ್ತೆ ಮುಳುಗುತ್ತದೆ. ಇನ್ನೊಂದು ಬೇಸಿಗೆಯ ಹೊತ್ತಿಗೆ ದೊಡ್ಡಮ್ಮನಿಗೆ ಕೊಪ್ಪಲಾದರೂ ನೆನಪಿರುತ್ತದೆಯೇ? ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಭಾನುವಾರ ದೋಣಿ ಹೊರಡಬೇಕು ಎಂದಷ್ಟೇ ಮಾವ ಹೇಳಿದರು.

ಹಾಗೆ ಬಂದ ಶುಕ್ರವಾರ ಅದು. ಅಂಟಿಸುವುದು ಹೇಗೆಂದು ಪದ್ಮರಾಜಯ್ಯನವರು ಫೋನಿಗೆ ಮಾತು ತುಂಬಿ ಕಳಿಸಿದ್ದರು. ಹಿನ್ನೆಲೆಯಲ್ಲಿ ಲಾರಿ ಹಾರನ್ನು, ನಡುನಡುವೆ "ಏಯ್, ಕಾಲ್ ತಗಿಯೋ ಆ ಹನುಮಪ್ಪನ್ ಮ್ಯಾಲಿಂದ" ಎಂಬ ಗದರಿಕೆ. ಶಾಂಪೂ ಬೆರೆಸಿದ ನೀರನ್ನು ಟೋಪಿಗೆ ಚೆನ್ನಾಗಿ ಚಿಮುಕಿಸಬೇಕು. ನೀರಿದ್ದರೆ ಹಾಳೆ ತಕ್ಷಣ ಕಚ್ಚಿಕೊಳ್ಳುವುದಿಲ್ಲ, ಜರುಗಿಸಬಹುದು. ಹಿಂದಿನ ಕಾಗದವನ್ನು ಒಂದೇ ಸಲ ಕೀಳಬಾರದು. ನಡುವೆ ಪಟ್ಟಿ ಅಂಟಿಸಿ ನಿಲ್ಲಿಸಿಕೊಂಡು, ಅರ್ಧ ಕಿತ್ತು ಅರ್ಧ ಅಂಟಿಸಿ, ಆಮೇಲೆ ಮಿಕ್ಕರ್ಧ. ಬಟ್ಟೆ ಸುತ್ತಿದ ಹಳೆಯ ಎಟಿಎಂ ಕಾರ್ಡಿನಿಂದ ನಡುವಿನಿಂದ ಹೊರಕ್ಕೆ ನೀರು ತಳ್ಳುತ್ತ ಹೋಗಬೇಕು. ಟೋಪಿ ಬಾಗುವ ಕಡೆ ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಕೊಟ್ಟು ಹಾಳೆಯನ್ನು ಮೆತ್ತಗೆ ಮಾಡಿ ಕೂರಿಸಬೇಕು. ಇಷ್ಟೂ ನನಗೆ ಬಾಯಿಪಾಠ. ಮಾವ ಕಾರ್ಡು ಹಿಡಿದರು, ನಾನು ಬಾಟಲಿ ಹಿಡಿದೆ.

"ನಿಂತ್ಕಳಿ, ನಿಂತ್ಕಳಿ!" ಎಂದು ಅತ್ತೆ ಪೂಜೆಯ ತಟ್ಟೆ ಹಿಡಿದು ಬಂದರು. "ಇಷ್ಟು ಕಾಲ ಮೂಲೇಲಿ ಬಿದ್ದಿದ್ದನ್ನ ಎಬ್ಬಿಸಿ ನೀರಿಗಿಳಿಸ್ತಾ ಇದೀರ. ಶುಕ್ರವಾರ ಬೇರೆ. ಒಂದು ಊದಿನಕಡ್ಡಿ ಬ್ಯಾಡ್ವಾ?"

ಬೇಡವೆಂದು ಯಾರು ಹೇಳುತ್ತಾರೆ? ಅತ್ತೆ ಟೋಪಿಯ ಬಲಪಕ್ಕಕ್ಕೆ ಅರಿಶಿನ ಹಚ್ಚಿದರು. ಕುಂಕುಮ ಇಟ್ಟರೆ ಹೊಸ ಬಣ್ಣದ ನುಣುಪಿಗೆ ಅದು ನಿಲ್ಲದೆ ಉದುರಿತು. ಹಾಗೆ ಉದುರಲು ಬಿಡುವ ಹೆಣ್ಣುಮಕ್ಕಳೇ ಅಲ್ಲ ನಮ್ಮ ಕಡೆಯವರು. ಮೊದಲು ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಅದರ ಮೇಲೆ ಕುಂಕುಮ ಒತ್ತಿದರು. ಹಣೆಗಿಟ್ಟ ಹಾಗೆ ಗಟ್ಟಿಯಾಗಿ ಕೂತಿತು. ಮಾವ ಕೈಮುಗಿದರು, ನಾನು ಕೈಮುಗಿದೆ, ಮಂಚದ ಮೇಲಿಂದ ದೊಡ್ಡಮ್ಮನೂ ಕೈಮುಗಿದರು. ಆಮೇಲೆ ಪಂಚೆಯ ತುದಿಯಿಂದ ಮಾವ ಅದನ್ನು ಒರೆಸಿ, "ಊಂ, ಬಿಡ್ಲಾ ನೀರ" ಎಂದರು.

ಮೊದಲು ಬಲಗಡೆಯ ಬಾತು. ಬಾಲ ಕೂತಿತು, ರೆಕ್ಕೆ ಕೂತಿತು, ಅಲೆಗಳು ಒಂದೊಂದಾಗಿ ಮಲಗಿದವು. ಮಾವ ಉಸಿರು ಬಿಗಿಹಿಡಿದು ಕಾರ್ಡು ಎಳೆಯುತ್ತಿದ್ದರು. ದೊಡ್ಡ ಅಲೆಯಲ್ಲಿ ದೋಣಿ ನಡೆಸುವಾಗಲೂ ಅವರು ಹೀಗೆಯೇ ನಾಲಗೆ ಕಚ್ಚಿಕೊಳ್ಳುತ್ತಿದ್ದರು. ಕುತ್ತಿಗೆಯವರೆಗೆ ಎಲ್ಲ ಸರಿ. ತಲೆಗೆ ಬಂದರೆ, ಒತ್ತಿದಷ್ಟೂ ಮೇಲೆ ಏಳುತ್ತದೆ. ಒತ್ತಿದರೆ ಮಲಗುತ್ತದೆ, ಕೈ ತೆಗೆದರೆ ತಲೆ ಎತ್ತಿ ನಮ್ಮನ್ನೇ ನೋಡುತ್ತದೆ.

"ಜೀವ ಬಂದ್ಬುಟ್ಟದೆ ಕಣ್ರೀ" ಎಂದರು ಅತ್ತೆ.

"ಜೀವ ಅಲ್ಲ, ನಿನ್ ಎಣ್ಣೆ!" ಮಾವನಿಗೆ ಅರ್ಥವಾಗಿಬಿಟ್ಟಿತ್ತು. ಪಂಚೆಯಲ್ಲಿ ಒರೆಸಿದ್ದು ಎಣ್ಣೆಯನ್ನು ತೆಗೆದಿರಲಿಲ್ಲ, ಸವರಿತ್ತು. ಅದೂ ಸರಿಯಾಗಿ ಬಾತಿನ ತಲೆ ಬರುವ ಜಾಗದಲ್ಲೇ. ಒಂದು ಕಡೆಯಿಂದ ತಿಳಿಗೆಂಪಿನ ನೀರು ಇಳಿಯುತ್ತಿತ್ತು.

ಅತ್ತೆಯ ಮುಖ ಸಣ್ಣದಾಯಿತು. "ಒಳ್ಳೇದಾಗ್ಲಿ ಅಂತ ಇಟ್ಟೆ ಕಣೋ ಮಂಜಣ್ಣ" ಎಂದರು ನನಗೆ, ಮೆಲ್ಲಗೆ. ಮಾವ ತಕ್ಷಣ ದನಿ ತಗ್ಗಿಸಿದರು. "ಆಯ್ತು ಬಿಡು ಮಾರಾಯ್ತಿ, ಸತ್ತಿಲ್ವಲ್ಲ ಬಾತು" ಎಂದರು.

ಪದ್ಮರಾಜಯ್ಯನವರಿಗೆ ಫೋನು ಮಾಡಿದೆ. ವಿಷಯ ಕೇಳಿ ಅವರು ಗಹಗಹಿಸಿ ನಕ್ಕರು. "ಲಾರಿಯೋರೂ ಕಾಯಿ ಒಡ್ಕೊಂಡೇ ಬತ್ತಾರೆ ಸಾ. ನಾನು ಸ್ಪಿರಿಟ್ ಆಕಿ ಒರೆಸ್ದೆ ಮುಟ್ಟಾಕಿಲ್ಲ. ನಿಮ್ದು ನೀರ್ನಾಗಿರೋ ಗಾಡಿ, ಅದ್ಕೆಲ್ಲಿ ಪೂಜೆ ಮಾಡ್ತಾರೆ ಅನ್ಕಂಡು ಏಳ್ಲಿಲ್ಲ."

ಮನೆಯಲ್ಲಿ ಸ್ಪಿರಿಟ್ ಇತ್ತು. ಮಾವನ ಸಕ್ಕರೆ ಕಾಯಿಲೆಯ ಸೂಜಿಗೆಂದು ತಂದಿಟ್ಟ ಬಾಟಲಿ. ತಲೆಯ ಭಾಗವನ್ನಷ್ಟೇ ನಾನು ಮೆಲ್ಲಗೆ ಎತ್ತಿ ಹಿಡಿದೆ, ಅತ್ತೆ ಹತ್ತಿಯಿಂದ ಒರೆಸಿದರು, ಮಾವ ಊದಿ ಒಣಗಿಸಿದರು. ಎತ್ತುವ ಭರದಲ್ಲಿ ಬಾತಿನ ಕುತ್ತಿಗೆ ಕೂದಲೆಳೆಯಷ್ಟು ಜಗ್ಗಿ ಉದ್ದವಾಯಿತು. ಇನ್ನು ಬಿಸಿ ಕೊಟ್ಟು ಕೂರಿಸಬೇಕು ಎನ್ನುವಾಗ ಪಕ್ಕದ ಮನೆಯಿಂದ ಸಾಲ ತಂದಿದ್ದ ಯಂತ್ರ ಗೊರ್ ಎಂದು ನಿಂತುಹೋಯಿತು. ಕರೆಂಟು ಹೋಗಿತ್ತು.

ನಾವಿಬ್ಬರೂ ಬಾತಿನ ತಲೆ ಹಿಡಿದುಕೊಂಡು ಮುಖ ಮುಖ ನೋಡುತ್ತಿದ್ದೆವು. ಅತ್ತೆ ಒಳಗೆ ಹೋದವರು ಹಿತ್ತಾಳೆಯ ಚೊಂಬಿಗೆ ಕುದಿಯುವ ನೀರು ತುಂಬಿ, ಕಂಠಕ್ಕೆ ಬಟ್ಟೆ ಸುತ್ತಿ ಹಿಡಿದು ಬಂದರು. ನಿಮಗೆ ನೆನಪಿರಬಹುದು, ಇಸ್ತ್ರಿಪೆಟ್ಟಿಗೆ ಇಲ್ಲದ ಮನೆಗಳಲ್ಲಿ ಹಿಂದೆ ಚೊಂಬಿಗೆ ಕೆಂಡ ತುಂಬಿ ಅಂಗಿ ಉಜ್ಜುತ್ತಿದ್ದರು. ನನ್ನ ಶಾಲೆಯ ಅಂಗಿಗಳೆಲ್ಲ ದೊಡ್ಡಮ್ಮನ ಚೊಂಬಿನ ಕೆಳಗೇ ನೆಟ್ಟಗಾದವು. ಕಾಲರಿನ ಹತ್ತಿರ ಸದಾ ಒಂದು ದುಂಡನೆಯ ಕಂದು ಕಲೆ ಇರುತ್ತಿತ್ತು. ಅತ್ತೆ ಒಂದು ತೆಳು ಬಟ್ಟೆ ಹಾಸಿ, ಚೊಂಬಿನ ಹೊಟ್ಟೆಯನ್ನು ಬಾತಿನ ಕುತ್ತಿಗೆಯಿಂದ ತಲೆಗೆ, ತಲೆಯಿಂದ ಟೋಪಿಯ ತಿರುವಿಗೆ ಉರುಳಿಸಿದರು. ದುಂಡನೆಯ ಟೋಪಿಗೆ ದುಂಡನೆಯ ಚೊಂಬು. ಹಾಳೆ ಬೆಣ್ಣೆಯಂತೆ ಇಳಿದು ಕೂತಿತು. ಎಡಗಡೆಯ ಬಾತನ್ನು ಕರೆಂಟಿಗೆ ಕಾಯದೆ ಹೀಗೆಯೇ ಅಂಟಿಸಿದೆವು. ಅದು ಒಂದು ಗುಳ್ಳೆಯೂ ಇಲ್ಲದೆ, ಅಂಗಡಿಯಲ್ಲಿಟ್ಟ ಹಾಗೆ ಬಂತು.

ಬಲಗಡೆಯದರಲ್ಲಿ ಮಾತ್ರ ಒಂದು ಕೊರತೆ ಉಳಿಯಿತು. ಎಷ್ಟು ಒರೆಸಿದ್ದರೂ ಒಂದು ಚಿಟಿಕೆ ಕುಂಕುಮ ತಪ್ಪಿಸಿಕೊಂಡು ಹಾಳೆಯ ಕೆಳಗೆ ಸಿಕ್ಕಿಬಿದ್ದಿತ್ತು. ಬಾತಿನ ಕಣ್ಣಿನ ಮೇಲೆ, ಹಣೆಯ ಜಾಗದಲ್ಲಿ ಕೆಂಪನೆಯ ಒಂದು ಚುಕ್ಕೆ. ಇನ್ನು ಕಿತ್ತರೆ ಹರಿಯುತ್ತದೆ. "ಇರ್ಲಿ ಬಿಡಿ, ಯಾರ್ ನೋಡ್ತಾರೆ" ಎಂದೆ. ಅತ್ತೆ ಮಾತ್ರ ಆ ದಿನವೆಲ್ಲ ಓಡಾಡುವಾಗ ಅದನ್ನೇ ನೋಡುತ್ತಿದ್ದರು.

ಭಾನುವಾರ ದಡದಲ್ಲಿ ಮೀನಿನವನ ದೋಣಿ ಕಾಯುತ್ತಿತ್ತು. ಮಾವ ಮೋಟಾರು ಕಚ್ಚಿಸಿ ತಿರುಪು ಬಿಗಿದರು. ದೊಡ್ಡಮ್ಮ ಗಂಟು ಹಿಡಿದು, ಅತ್ತೆಯ ತೋಳು ಹಿಡಿದು ಇಳಿದು ಬಂದರು. ದೋಣಿಯ ಎಡಪಕ್ಕ ದಡಕ್ಕಿತ್ತು. ಅಂದರೆ ನಮ್ಮ ಚೆನ್ನಾಗಿ ಬಂದ ಬಾತು ದೊಡ್ಡಮ್ಮನ ಕಡೆ ನೋಡುತ್ತಿತ್ತು.

"ಅಕ್ಕ, ನೋಡಿಲ್ಲಿ. ಬಾತು!" ಎಂದರು ಮಾವ, ಮಗುವಿಗೆ ಚಂದ್ರನನ್ನು ತೋರಿಸುವವರ ಹಾಗೆ.

ದೊಡ್ಡಮ್ಮ ನೋಡಿದರು. ಬಹಳ ಹೊತ್ತು ನೋಡಿದರು. "ಇದಲ್ಲ" ಎಂದರು.

"ಅದೇ ಕಣಕ್ಕ!"

"ನಂಗ್ ಏಳ್ಬ್ಯಾಡ. ಇದ್ಯಾವ್ದೋ ಒಸ ಬಾತು. ನಮ್ದಲ್ಲ." ಗಂಟನ್ನು ಎದೆಗೆ ಅವಚಿಕೊಂಡು ದಡದ ಕಡೆ ತಿರುಗಿಬಿಟ್ಟರು.

ಮಾವ ಹಗ್ಗ ಹಿಡಿದವರು ಹಾಗೇ ಕೂತರು. ವರ್ಷವಿಡೀ ಆ ಮೋಟಾರಿನ ಮುಂದೆ ಬಾಗಿದ್ದ ಬೆನ್ನು ಇನ್ನೂ ಸ್ವಲ್ಪ ಬಾಗಿತು. ನಾನು ಬಿಸಿಲಲ್ಲಿ ಫಳಫಳ ಹೊಳೆಯುತ್ತಿದ್ದ ಬಾತನ್ನು ನೋಡಿದೆ. ಒಂದು ಗೆರೆಯೂ ತಪ್ಪಿಲ್ಲ. ಮುಖವನ್ನಂತೂ ನಾವೇ ಊಹಿಸಿಕೊಂಡದ್ದು. ಅವರು ಹೇಳಿದ್ದು ಸರಿಯೇ, ಅದು ನಮ್ಮ ಬಾತಲ್ಲ.

ಇನ್ನು ಇವತ್ತಿನ ಕೆಲಸ ಮುಗಿಯಿತೆಂದು ಮೀನಿನವನು ದೋಣಿಯನ್ನು ತನ್ನ ಗೂಟದ ಕಡೆ ಒಯ್ಯಲು ಕೋಲಿನಿಂದ ತಿರುಗಿಸಿದ. ದೋಣಿ ನೀರಿನಲ್ಲಿ ಮೆಲ್ಲಗೆ ಸುತ್ತು ಬಂದು ಬಲಪಕ್ಕ ದಡಕ್ಕೆ ಬಂತು. ಅತ್ತೆಯ ಭುಜದ ಮೇಲಿಂದ ದೊಡ್ಡಮ್ಮ ಕೊನೆಯದಾಗಿ ಒಮ್ಮೆ ತಿರುಗಿ ನೋಡಿದರು.

"ತಡೀರ್ಲಾ" ಎಂದರು.

ಅತ್ತೆಯ ಕೈ ಬಿಡಿಸಿಕೊಂಡು, ಸೀರೆ ನೆನೆಯುವುದನ್ನೂ ಲೆಕ್ಕಿಸದೆ ನೀರಿಗೆ ಕಾಲಿಟ್ಟರು. ಮಾವ ಎದ್ದು ದೋಣಿಯನ್ನು ಹತ್ತಿರಕ್ಕೆ ಎಳೆದು ಹಿಡಿದರು. ದೊಡ್ಡಮ್ಮ ಬಾತಿನ ಹಣೆಯ ಮೇಲೆ ಹೆಬ್ಬೆರಳಿಟ್ಟು ಒರೆಸಿದರು. ಚುಕ್ಕೆ ಹೋಗಲಿಲ್ಲ. ಮತ್ತೊಮ್ಮೆ ಒರೆಸಿದರು.

"ಕುಂಕ್ಮ ಇಲ್ಲೇ ಅದೆ" ಎಂದರು. "ಆಯ್ದಪೂಜೇಲಿ ನಾನಿಕ್ಕಿದ್ದು."

ಮಾವ ನನ್ನ ಕಡೆ ನೋಡಿದರು. ಆಗ ಅವರಿಗೂ ನೆನಪಾಯಿತು, ನನಗೂ. ಪ್ರತಿ ವರ್ಷ ಆಯುಧಪೂಜೆಗೆ ಮೋಟಾರಿಗೆ ಕುಂಕುಮ ಇಡುತ್ತಿದ್ದುದು ದೊಡ್ಡಮ್ಮ. ಇಂಜಿನ್ನಿಗಲ್ಲ, ಬಾತಿನ ಹಣೆಗೆ.

ಅತ್ತೆ ಹತ್ತಿರ ಬಂದು ದೊಡ್ಡಮ್ಮನ ನೆನೆದ ನೆರಿಗೆಯನ್ನು ಎತ್ತಿ ಹಿಂಡಿದರು. "ಊಂ ಕಣತ್ಗೆಮ್ಮ, ನೀವೇ ಇಕ್ಕಿದ್ದು" ಎಂದರು. "ಹತ್ತಿ ಈಗ."

ದೊಡ್ಡಮ್ಮ ಬೆರಳನ್ನು ಕಣ್ಣಿಗೊತ್ತಿಕೊಂಡು ಹತ್ತಿದರು.

ಕೊಪ್ಪಲಿನಲ್ಲಿ ವಿಶೇಷವೇನೂ ನಡೆಯಲಿಲ್ಲ. ಒಣಗಿ ಬಿರಿದ ಕೆಸರಿನ ನಡುವೆ ಒಂದು ಜಗಲಿಕಲ್ಲನ್ನು ಆರಿಸಿಕೊಂಡು ಅವರು ಕೂತರು. ಅದು ನಮ್ಮ ಮನೆಯದೋ ಪಕ್ಕದ ಮನೆಯದೋ ಮಾವನಿಗೂ ಖಚಿತವಿರಲಿಲ್ಲ. ಗಂಟು ಬಿಚ್ಚಿ ಎಲೆಅಡಿಕೆ ಹಾಕಿಕೊಂಡರು, ತಲೆ ಬಾಚಿಕೊಂಡರು. ಬಿಸಿಲು ಏರಿದಾಗ ತಾವಾಗಿಯೇ ಎದ್ದು "ನಡೀರಿ, ಮನೇಗ್ ಓಗಾನ" ಎಂದರು. ಅವರು ಅರಕಲಗೂಡಿನ ಮನೆಯನ್ನು ಮನೆ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹಿಂದಿರುಗುವಾಗ ಗಾಳಿ ತಂಪಾಗಿತ್ತು, ಘಟ್ಟದ ಕಡೆಯ ಮೋಡ ಹತ್ತಿರ ಬಂದಿತ್ತು. ನಾನು ದೋಣಿಯ ಅಂಚಿಗೆ ಒರಗಿ, ಗೊತ್ತಿಲ್ಲದೆಯೇ ನೀರಿಗೆ ಕೈ ಇಳಿಬಿಟ್ಟಿದ್ದೆ. ಮೊಣಕೈವರೆಗೆ ಅದೇ ಕಚಗುಳಿ.

ಬೊಕ್ಕತಲೆಗೆ ಫಟ್ಟನೆ ಒಂದು ಮೊಟಕು ಬಿತ್ತು.

"ಲೋ ಮಂಜ! ಕೈ ಒಳಕ್ಕಿಟ್ಕಳೋ!"

ಇಟ್ಟುಕೊಂಡೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ತಿರುಗಿದರೆ ಕನ್ನಡಕ ಕಂಡು ಮೇಷ್ಟ್ರಾಗಿಬಿಡುತ್ತೇನೆ ಎನಿಸಿತು. ದಡ ಬರುವವರೆಗೂ ಒದ್ದೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ನೋಡುತ್ತ ಕೂತಿದ್ದೆ.

ಮಾರನೆಯ ಬೆಳಿಗ್ಗೆ ನಾನು ಹಾಸನಕ್ಕೆ ಹೊರಟು ನಿಂತಾಗ ಮಳೆ ಶುರುವಾಗಿತ್ತು. ದೊಡ್ಡಮ್ಮ ಮಂಚದ ಮೇಲೆ ಕೂತಿದ್ದರು. ಹೇಳಿಬರಲು ಹತ್ತಿರ ಹೋದೆ.

"ಬನ್ನಿ ಮೇಷ್ಟ್ರೇ" ಎಂದು ನನ್ನ ಕೈ ಹಿಡಿದುಕೊಂಡರು. "ನಿನ್ನೆ ನಮ್ ಮಂಜ ಬಂದಿದ್ದ ಕಣಿ ದೋಣೀಲಿ. ಇನ್ನೂ ಅಂಗೇ ಅವ್ನೆ, ನೀರ್ಗೆ ಕೈ ಬಿಡ್ತಾನೆ. ನೀವಾದ್ರೂ ಒಸಿ ಬುದ್ಧಿ ಏಳಿ."

"ಹೇಳ್ತೀನಿ ಕಣಮ್ಮ" ಎಂದೆ.